ಹೆಳವನ ಪುಸ್ತಕ, ಅಯ್ಯನವರ ನೆನಪು

ಇಂಗ್ಲೆಂಡಿನ ಹಳ್ಳಿಯ ಇಗರ್ಜಿಗಳಲ್ಲಿ 1538ರಿಂದ ಕೂಸಿನ ಜ್ಞಾನಸ್ನಾನ, ಮದುವೆ, ಮಣ್ಣಿನ ಲೆಕ್ಕ ಬರೆದಿಡುವ ಕಟ್ಟಳೆ ಬಂತಂತೆ. ಮಲಪ್ರಭೆ ದಂಡೆಯ ನಮ್ಮ ಊರುಗಳಿಗೆ ಆ ಲೆಕ್ಕ ಇಡುತ್ತಿದ್ದವರು ಇಬ್ಬರು. ಎತ್ತಿನ ಮೇಲೆ ಬಂದು ವಂಶಾವಳಿ ಓದುತ್ತಿದ್ದ ಹೆಳವ ಒಬ್ಬ. ಕಂತಿಭಿಕ್ಷೆಗೆ ಬರುತ್ತಿದ್ದ ಮಠದ ಅಯ್ಯನವರು ಇನ್ನೊಬ್ಬರು. ಕೂಸಿಗೆ ಲಿಂಗ ಕಟ್ಟುವವರು, ಲಗ್ನಕ್ಕೆ ಅಕ್ಕಿಕಾಳು ಹಾಕುವವರು, ಮಣ್ಣಿಗೆ ಮುಂದೆ ನಿಲ್ಲುವವರು ಅವರೇ. ಕಟ್ಟೆಯ ಮೇಲೆ ಕೂತರೆಂದರೆ ಯಾರ ಮಗಳು ಯಾವ ಊರು ಸೇರಿದಳು, ಯಾರ ಹೊಲ ಯಾರ ಪಾಲಾಯಿತು, ಎಲ್ಲ ಬಾಯಲ್ಲೇ. ಆ ನೆನಪಿಗೆ ಊರಿನ ಎಲ್ಲ ಓಣಿಗಳೂ ಸಮನಾಗಿರಲಿಲ್ಲ, ಅದನ್ನೂ ಹೇಳಬೇಕು.

ಇಂಥ ಅಯ್ಯಗಳಿಗೆ, ಮಠಗಳ ಮರಿದೇವರುಗಳಿಗೆ ವಿದ್ಯೆ ಕಲಿಸಬೇಕೆಂದೇ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿ ಸೀಮೆಯ ಹೊಳೆದಂಡೆಯಲ್ಲಿ ಶಿವಯೋಗ ಮಂದಿರ ಕಟ್ಟಿದರು. ನಾಡಿನ ಎಷ್ಟೋ ಮಠಗಳಿಗೆ ಸ್ವಾಮಿಗಳು ಹೋದದ್ದು ಇಲ್ಲಿಂದಲೇ. ಕಣ್ಣಿಲ್ಲದ ಗದಿಗೆಯ್ಯ ಪಂಚಾಕ್ಷರಿ ಗವಾಯಿಯಾದದ್ದೂ ಅವರ ಆಸರೆಯಲ್ಲೇ. 1930ರಲ್ಲಿ ಲಿಂಗೈಕ್ಯರಾದ ಕುಮಾರ ಸ್ವಾಮಿಗಳ ಗದ್ದುಗೆ ಇಲ್ಲಿಯೇ ಇದೆ.

ನಾವು ಸಣ್ಣವರಿದ್ದಾಗ ರಾಶಿ ಮುಗಿದ ಮೇಲೆ ಮಂದಿರಕ್ಕೆ ಜೋಳದ ಚೀಲ ಹೊತ್ತ ಚಕ್ಕಡಿ ಹೂಡುವುದೇ ಒಂದು ಹಬ್ಬ. ಚೀಲದ ಮೇಲೆ ಕೂರಲು ಜಗಳ. ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಅಲ್ಲಿ ನಮಗೆ ದೇವರಿಗಿಂತ ವಿಭೂತಿ ಮಾಡುವುದನ್ನು ನೋಡುವ ಹುಚ್ಚು: ಆಕಳ ಸಗಣಿ ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ ಸೋಸಿ, ತಳಕ್ಕಿಳಿದ ಬಿಳುಪನ್ನು ಗಟ್ಟಿ ಕಟ್ಟಿ ಬಿಸಿಲಿಗಿಡುತ್ತಿದ್ದರು. ಬರುವಾಗ ಆಯಿಯ ಸೆರಗಿನ ಗಂಟಿನಲ್ಲಿ ಎರಡು ಗಟ್ಟಿ. ಜಗುಲಿಯ ಗೂಡಿನಲ್ಲಿ ಅವು ವರ್ಷಗಟ್ಟಲೆ ಸವೆಯುತ್ತಿದ್ದವು.

ಈಗ ಚಕ್ಕಡಿ ಇಲ್ಲ, ಹೂಡಲು ಎತ್ತೂ ಇಲ್ಲ. ದುಡಿಯುವ ಹುಡುಗರು ಗೋವಾ, ಮಂಗಳೂರು ಸೇರಿದ್ದಾರೆ. ಮಂದಿರಕ್ಕೆ ಕಾಣಿಕೆ ಮೊಬೈಲಿನಿಂದಲೇ ಕಳಿಸುತ್ತಾರೆ. ದುಡ್ಡು ಮುಟ್ಟುತ್ತದೆ, ಮಾತು ಮುಟ್ಟುವುದಿಲ್ಲ. 2009ರ ಮಹಾಪೂರ ಇನ್ನೊಂದು ಪೆಟ್ಟು. ದಂಡೆಯ ಎಷ್ಟೋ ಊರುಗಳ ಮಂದಿ ಎತ್ತರದ ಆಸರೆ ಮನೆಗಳಿಗೆ ಹೋದರು. ಓಣಿ ಒಡೆಯಿತು, ಬಾಜೂ ಮನೆಯವರು ಬೇರೆ ಸಾಲಿಗೆ ಬಿದ್ದರು. 2019ರಲ್ಲಿ ಹೊಳೆ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿದಾಗ ಟಿವಿಯವರು ಓಡಿ ಬಂದರು; ಹಳೆ ಊರಿನ ಪಾಳುಗೋಡೆ ಯಾರಿಗೂ ಕಾಣಲಿಲ್ಲ.

ಮಂದಿರ ಗಟ್ಟಿಯಾಗಿಯೇ ಇದೆ, ಮರಿದೇವರುಗಳು ಓದುತ್ತಿದ್ದಾರೆ. ಕರಗಿದ್ದು ಅದರ ಸುತ್ತಣ ಊರುಗಳ ನೆನಪು. ನಮ್ಮ ಅಯ್ಯನವರು ತೀರಿದರು, ಅವರ ಮಗ ಬೆಂಗಳೂರಿನಲ್ಲಿ ನೌಕರಿಗಿದ್ದಾನೆ. ಹೆಳವ ಬಂದರೂ ಬಾಗಿಲಿಗೆ ಕೀಲಿ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಆಯಿ ಇದ್ದರೆ ಹಳೆ ಓಣಿಯ ಮನೆಗಳನ್ನು ಒಂದೊಂದಾಗಿ ಕೇಳಿ, ಈ ಸುಗ್ಗಿ ಮುಗಿಯುವುದರೊಳಗೆ ಬರೆದಿಡಿ.