ಮೋಟ್ರೂ ಎದ್ದಿಲ್ಲ, ಕಂಟೇನರೂ ಎದ್ದಿಲ್ಲ

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ಮಾಲೂರಿನ ಹೂವು-ತರಕಾರಿ, ಮುಳಬಾಗಿಲಿನ ಟೊಮ್ಯಾಟೊ ಬಹುಪಾಲು ಬೋರ್‌ವೆಲ್ ನಂಬಿಕೊಂಡೇ ಬೆಳೆಯೋದು. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಅಪರೂಪ ಏನಲ್ಲ. ಹಾಗಾಗಿ "ಮೋಟ್ರು ಎದ್ದಿಲ್ಲ" ಅನ್ನೋದನ್ನ ಕೇಳಿಕೊಂಡೇ ಬೆಳೆದವರು ನಾವು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಿದ ಮೇಲೆ ಕೇಳ್ತಿರೋದು "ಕಂಟೇನರ್ ಎದ್ದಿಲ್ಲ". ಅಷ್ಟೇ ವ್ಯತ್ಯಾಸ :)

ಗೊತ್ತಿಲ್ಲದವರಿಗೆ ಒಂದು ಮಾತು. ಕಂಟೇನರ್ ಅಂದ್ರೆ ಒಂದು ಪ್ರೋಗ್ರಾಮು, ಅದಕ್ಕೆ ಬೇಕಾದ ಲೈಬ್ರರಿಗಳು ಎಲ್ಲ ಸೇರಿಸಿ ಕಟ್ಟಿದ ಬುತ್ತಿ. 2013ರಲ್ಲಿ ಡಾಕರ್ ಬಂದ ಮೇಲೆ ಇದು ಮನೆಮಾತಾಯ್ತು. ಬುತ್ತಿ ಬೇರೆ ಬೇರೆ ಆದ್ರೂ ಒಲೆ ಒಂದೇ. ಸರ್ವರಿನ ಕರ್ನೆಲ್ಲು, ಮೆಮೊರಿ ಎಲ್ಲರಿಗೂ ಸೇರಿದ್ದು.

ಹಿಂದೊಮ್ಮೆ ಮಾವಿನ ಸೀಸನ್ನಿನಲ್ಲಿ ಶ್ರೀನಿವಾಸಪುರದ ಒಂದು ಮಂಡಿಯಿಂದ ಪರಿಚಯದವರು ಫೋನ್ ಮಾಡಿದ್ರು. ಲೆಕ್ಕದ ಪ್ರೋಗ್ರಾಮ್ ಏಳ್ತಾ ಇಲ್ಲ, ತೋತಾಪುರಿ ತಂದ ರೈತರು ಪಟ್ಟಿಗೆ ಕಾಯ್ತಾ ಇದ್ದಾರೆ ಅಂತ. ಅದನ್ನ ನೋಡಿಕೊಳ್ಳೋ ಹುಡುಗ ಹತ್ತು ಸಲ ರೀಸ್ಟಾರ್ಟ್ ಮಾಡಿ ಆಗಿತ್ತು. "ಇದನ್ನ ಅಳಿಸಿ ಹೊಸದಾಗಿ ಹಾಕಿಬಿಡ್ತೀನಣ್ಣಾ" ಅಂದ.

ತಡಿಯಪ್ಪಾ ಅಂದೆ.

ನಮ್ಮೂರಿನ ಮೋಟ್ರು ಮೆಕ್ಯಾನಿಕ್ಕು ಏನು ಮಾಡ್ತಾರೆ ನೋಡಿ. ಸ್ಟಾರ್ಟರ್ ಟ್ರಿಪ್ ಆದ್ರೆ ಬಟನ್ನನ್ನ ಮತ್ತೆ ಮತ್ತೆ ಒತ್ತಲ್ಲ, ಒತ್ತಿದ್ರೆ ವೈಂಡಿಂಗ್ ಸುಡುತ್ತೆ. ಮೊದಲು ಮೂರು ಫೇಸೂ ಬರ್ತಿದ್ಯಾ ನೋಡ್ತಾರೆ, ಆಮೇಲೆ ಆಂಪ್ಸ್. ಕಮ್ಮಿ ತೋರಿಸಿದ್ರೆ ನೀರಿಲ್ಲದ ಅನುಮಾನ, ಜಾಸ್ತಿ ತೋರಿಸಿದ್ರೆ ಪಂಪು ಸಿಕ್ಕಿಕೊಂಡಿರೋ ಅನುಮಾನ. ಮೀಟರ್ ಹೇಳಿದ ಮೇಲೇ ಅವರ ಸ್ಪ್ಯಾನರ್ ಹೊರಗೆ ಬರೋದು.

ಕಂಟೇನರಿಗೂ ಮೀಟರ್ ಇದೆ. 'ಡಾಕರ್ ಪಿಎಸ್'ಗೆ 'ಎ' ಸೇರಿಸಿ ಕೊಟ್ರೆ ಸತ್ತವೂ ಕಾಣ್ತಾವೆ, ಪಕ್ಕದಲ್ಲಿ ಎಕ್ಸಿಟ್ ಕೋಡ್. ಇಲ್ಲಿ 137 ಇತ್ತು. 128ಕ್ಕೆ 9 ಸೇರಿಸಿದ್ರೆ 137. ಒಂಬತ್ತು ಅಂದ್ರೆ ಸಿಗ್‌ಕಿಲ್, ಯಾವ ಪ್ರೋಗ್ರಾಮೂ ಬೇಡ ಅನ್ನೋಕಾಗದ ಸಿಗ್ನಲ್. ಅಂದ್ರೆ ಅದು ತಾನಾಗಿ ಸತ್ತಿಲ್ಲ, ಯಾರೋ ಕೊಂದಿದ್ದಾರೆ! 'ಡಾಕರ್ ಇನ್‌ಸ್ಪೆಕ್ಟ್' ಕೊಟ್ರೆ 'ಊಮ್‌ಕಿಲ್ಡ್: ಟ್ರೂ' ಅಂತ ಬಂತು. ಮೆಮೊರಿ ಮಿತಿ 256 ಎಂಬಿ. ಸೀಸನ್ನಿನ ಪಟ್ಟಿಗಳನ್ನೆಲ್ಲ ಶುರುವಿನಲ್ಲೇ ಓದಿಕೊಳ್ಳೋ ಪ್ರೋಗ್ರಾಮಿಗೆ ಅದು ಸಾಲದಾಗಿತ್ತು.

ಅದೇ ಇನ್‌ಸ್ಪೆಕ್ಟಿನಲ್ಲಿ ಇನ್ನೊಂದು ಕಂಡು ಎದೆ ಝಲ್ಲೆಂದಿತು. ವಾಲ್ಯೂಮ್ ಒಂದೂ ಇಲ್ಲ. ಲೆಕ್ಕದ ಫೈಲು ಕಂಟೇನರಿನ ಒಳಗೇ ಇತ್ತು. ಅಳಿಸಿದ್ದಿದ್ರೆ ಆ ಸೀಸನ್ನಿನ ಅಷ್ಟೂ ಪಟ್ಟಿ, ಯಾರಿಗೆಷ್ಟು ಬಾಕಿ ಅನ್ನೋದು, ಎಲ್ಲ ಮಣ್ಣುಪಾಲು. ನಿಂತಿರೋ ಕಂಟೇನರಿಂದಲೂ 'ಡಾಕರ್ ಸಿಪಿ' ಫೈಲು ಎತ್ತಿಕೊಡುತ್ತೆ. ಮೊದಲು ಅದನ್ನ ಹೊರಗೆ ತೆಗೆಸಿದೆ. ಆಮೇಲೆ 'ಡಾಕರ್ ಅಪ್‌ಡೇಟ್'ನಲ್ಲಿ ಮಿತಿ 512 ಮಾಡಿಸಿದೆ. ಎದ್ದಿತು. ಸೀಸನ್ ಮುಗಿದ ಮೇಲೆ ವಾಲ್ಯೂಮೂ ಬಂತು.

ನಿಮಗೂ ಉಪಯೋಗ ಆಗಬಹುದು ಅಂತ ಇನ್ನೆರಡು ಮಾತು. 127 ಬಂದ್ರೆ ಕಮಾಂಡೇ ಸಿಕ್ಕಿಲ್ಲ. 126 ಬಂದ್ರೆ ಸಿಕ್ಕಿದೆ, ಓಡಿಸೋಕೆ ಆಗ್ತಿಲ್ಲ. 0 ಬಂದ್ರೆ ತೊಂದರೆ ಏನೂ ಇಲ್ಲ, ಮುಖ್ಯ ಪ್ರೋಗ್ರಾಮ್ ತನ್ನ ಕೆಲಸ ಮುಗಿಸಿದೆ. ಅದು ಮುಗಿದರೆ ಕಂಟೇನರೂ ಮುಗೀತು. ಫೈಲು ಕಣ್ಣೆದುರಿಗೇ ಇದ್ದೂ "ಅಂಥ ಫೈಲಿಲ್ಲ" ಅಂದ್ರೆ, ವಿಂಡೋಸಿನಲ್ಲಿ ಬರೆದ ಸ್ಕ್ರಿಪ್ಟಾ ಅಂತ ಕೇಳಿ. ಸಾಲಿನ ಕೊನೆಯ ಕಾಣದ ಅಕ್ಷರವೊಂದು ಈ ಆಟ ಆಡಿಸುತ್ತೆ.

ಬಿದ್ದವನನ್ನ ಎಬ್ಬಿಸೋ ಮುಂಚೆ ಯಾಕೆ ಬಿದ್ದೆ ಅಂತ ಕೇಳಬೇಕು. ಅಳಿಸಿದ ಮೇಲೆ ಕೇಳೋಕೆ ಯಾರೂ ಇರಲ್ಲ, ಅವನ ಲಾಗೂ ಜೊತೆಗೇ ಹೋಗಿರುತ್ತೆ.

ನಿಮ್ಮ ಕಂಟೇನರುಗಳು ಯಾವ ನಂಬರ್ ಹೇಳಿ ಸಾಯ್ತಾವೆ? ಬರೀರಿ.