ದುರ್ಗದವರ ಜೊತೆ ಸಿನಿಮಾ

ಚಿತ್ರದುರ್ಗದವರ ಜೊತೆ ಕೂತು ‘ನಾಗರಹಾವು’ ನೋಡಬಾರದು. ರಾಮಾಚಾರಿ ಒಂದು ಬಂಡೆ ಹತ್ತಿದರೆ ಸಾಕು, “ಇಲ್ಲಿ ಹತ್ತಿ ಅಲ್ಲಿ ಇಳಿಯೋಕಾಗುತ್ತೇನ್ರೀ?” ಎಂದು ಒಬ್ಬರು ಶುರು ಮಾಡುತ್ತಾರೆ. ಹಿಂದೆ ಕಂಡ ಗುಡಿ ಯಾವುದೆಂದು ಇನ್ನೊಬ್ಬರು ವಾದಕ್ಕಿಳಿಯುತ್ತಾರೆ. ವಾದ ಮುಗಿಯುವಷ್ಟರಲ್ಲಿ ಅಲಮೇಲು ಅತ್ತು ಮುಗಿಸಿರುತ್ತಾಳೆ. 1972ರ ಚಿತ್ರ, 2018ರಲ್ಲಿ ಬಣ್ಣ, ಶಬ್ದ ತಿದ್ದಿ ಮತ್ತೆ ಬಿಡುಗಡೆ ಮಾಡಿದರು. ಬಂಡೆಗಳ ವಿಳಾಸವನ್ನು ಮಾತ್ರ ಯಾರೂ ತಿದ್ದಲಿಲ್ಲ ಎಂಬ ತಕರಾರು ಹಾಗೇ ಉಳಿದಿದೆ.

ನನಗೆ ಈ ತಕರಾರಿನಲ್ಲಿ ನ್ಯಾಯ ಕಾಣುತ್ತದೆ. ಆ ಚಿತ್ರದಲ್ಲಿ ಅತ್ಯುತ್ತಮ ಅಭಿನಯ ಬಂಡೆಗಳದ್ದೇ. ವಿಷ್ಣುವರ್ಧನ್ ಅಭಿಮಾನಿಗಳು ಕ್ಷಮಿಸಲಿ, ಆ ಹುಡುಗನ ಸಿಟ್ಟಿನ ಅರ್ಧ ಪಾಲು ಮಧ್ಯಾಹ್ನದ ಹೊತ್ತು ಕಾದ ಆ ಕಲ್ಲಿನದು. ಅದೇ ಕಥೆಯನ್ನು ಮಲೆನಾಡಿನ ತಂಪಿನಲ್ಲಿ ತೆಗೆದಿದ್ದರೆ ರಾಮಾಚಾರಿ ಎರಡು ಮಳೆಗೆ ತಣ್ಣಗಾಗಿರುತ್ತಿದ್ದ. ಪುಟ್ಟಣ್ಣ ಕಣಗಾಲರಿಗೆ ಇದು ಗೊತ್ತಿತ್ತು. ತರಾಸು ಅವರ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಹಿಡಿಸಿದ್ದಕ್ಕೆ ಲೇಖಕರು ಮುನಿದು, ನಾಗರಹಾವನ್ನು ಕೇರೆಹಾವು ಮಾಡಿದರು ಎಂದರಂತೆ. ಆ ಮಾತು ದುರ್ಗದಲ್ಲಿ ಇನ್ನೂ ಚಲಾವಣೆಯಲ್ಲಿದೆ. ಪುಟ್ಟಣ್ಣನವರೇ 1974ರಲ್ಲಿ ರಿಷಿ ಕಪೂರ್‌ರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ಮಾಡಿದರು. ಕಲ್ಲು ಇದೇ, ನಿರ್ದೇಶಕರು ಅವರೇ. ಹಾವು ಮಾತ್ರ ಕಚ್ಚಲಿಲ್ಲ.

ಚಾಮಯ್ಯ ಮೇಷ್ಟ್ರ ಬಗ್ಗೆ ನನಗೊಂದು ಅಸಮಾಧಾನವಿದೆ. ಅಶ್ವತ್ಥರ ಅಭಿನಯದ ಮೇಲಲ್ಲ, ಮೇಷ್ಟ್ರ ಮೇಲೆ. ಶಿಷ್ಯ ಅಲಮೇಲುವನ್ನು ಮೆಚ್ಚಿದಾಗ ಬಿಟ್ಟುಬಿಡು ಎಂದರು, ಮಾರ್ಗರೆಟ್ಟಳನ್ನು ಮೆಚ್ಚಿದಾಗಲೂ ಬೇಡವೆಂದರು. ಎರಡು ಸಲ ಬಲಿ ಕೇಳಿದವರನ್ನು ನಾವು ಆದರ್ಶ ಗುರು ಎಂದು ಇಷ್ಟು ವರ್ಷ ಕೊಂಡಾಡಿದ್ದೇವೆ. ಅಶ್ವತ್ಥರ ದನಿಯಲ್ಲಿ ಅಂಥ ಮೋಡಿ! ಹಾಗೆಯೇ ಒನಕೆ ಓಬವ್ವನ ಪಾತ್ರದ ಜಯಂತಿ. ತೆರೆಯ ಮೇಲೆ ಇದ್ದದ್ದು ಒಂದು ಹಾಡಿನಷ್ಟು ಹೊತ್ತು. ಆದರೂ ಕೋಟೆಯ ಓಬವ್ವನ ಕಿಂಡಿಯ ಮುಂದೆ ನಿಂತವರ ಕಣ್ಣಿಗೆ ಓಬವ್ವ ಎಂದರೆ ಜಯಂತಿಯವರೇ. ಮದಕರಿನಾಯಕನ ಕಾಲದ, ಕಹಳೆ ಊದುವವನ ಹೆಂಡತಿಗೆ ಚಿತ್ರಪಟ ಎಲ್ಲಿಂದ ಬರಬೇಕು? ಶಾಲಾ ವಾರ್ಷಿಕೋತ್ಸವದಲ್ಲಿ ಒನಕೆ ಎತ್ತುವ ಹುಡುಗಿಯರೂ ಕಣ್ಣು ಅರಳಿಸುವುದು ಜಯಂತಿಯವರ ಹಾಗೆಯೇ.

ಇನ್ನು ಧಾರಾವಾಹಿ. ಸಂಜೆಯಾದರೆ ಜಿಲ್ಲೆಯೆಲ್ಲ ಅದೇ ಸದ್ದು. ಆದರೆ ಆ ಮನೆಗಳು ಯಾವ ಊರಿನವೆಂದು ನನಗೆ ಈವರೆಗೂ ತಿಳಿದಿಲ್ಲ. ಹೊರಗೆ ಬಿಸಿಲಿಲ್ಲ, ಒಳಗೆ ಧೂಳಿಲ್ಲ. ರೇಷ್ಮೆ ಸೀರೆ ಉಟ್ಟೇ ಮಲಗುತ್ತಾರೆ, ನಲ್ಲಿಯಲ್ಲಿ ನೀರು ಬಂತಾ ಎಂದು ಒಬ್ಬರೂ ಕೇಳುವುದಿಲ್ಲ. ಹಿರಿಯೂರಿನವರಿಗೆ ಇದನ್ನು ನಂಬುವುದು ಕಷ್ಟ. 1933ರ ನಂತರ 2022ರಲ್ಲಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. ಆ ವರ್ಷದ ಸೂಪರ್‌ಹಿಟ್ ಅದೇ. ಯಾವ ಧಾರಾವಾಹಿಯ ಸೊಸೆಯೂ ಅತ್ತೆಯ ಕಣ್ತಪ್ಪಿಸಿ ಕೋಡಿ ನೋಡಲು ಬಂದದ್ದನ್ನು ನಾನು ಕಾಣೆ. ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ದ ಕಾಲದಲ್ಲಿ ಜನ ಕನಿಷ್ಠ ಕೆಲಸಕ್ಕೆ ಹೋಗುತ್ತಿದ್ದರು, ದುಡ್ಡಿಗೆ ತಡಕಾಡುತ್ತಿದ್ದರು.

ಹೊಳಲ್ಕೆರೆ ಕಡೆ ಅಡಿಕೆ ಸುಲಿಯುವ ಹೆಂಗಸರು ಮಾತ್ರ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಟಿವಿ ಹಾಕಿಟ್ಟು, ಕತ್ತಿಯಿಂದ ಕಣ್ಣೆತ್ತದೆ ಕಿವಿಯಲ್ಲೇ ಧಾರಾವಾಹಿ ನೋಡುತ್ತಾರೆ. ಸಿಡಿಲಿನ ಸದ್ದು ಬಂದರೆ ಅತ್ತೆಗೆ ಗುಟ್ಟು ತಿಳಿಯಿತು, ಕೊಳಲು ಬಂದರೆ ಗಂಡ ಒಳ್ಳೆಯವನಾದ. ಕಥೆಯೇನೂ ತಪ್ಪುವುದಿಲ್ಲ, ಅಡಿಕೆಯೂ ಕೆಡುವುದಿಲ್ಲ. ಹೊಸದುರ್ಗದ ಕಡೆಯವರು ಇಷ್ಟು ಉದಾರಿಗಳಲ್ಲ. ನವೆಂಬರಿನಲ್ಲಿ ಸಾಣೇಹಳ್ಳಿಯ ಬಯಲು ರಂಗಮಂದಿರದ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತು, ಮೈಕಿಗೆ ಬಾಯಿ ಕೊಡದ ನಟರನ್ನು ಕಂಡವರು. ಒಂದೇ ಮುಖವನ್ನು ಮೂರು ಸಲ ತಿರುಗಿಸಿ ತೋರಿಸಿದರೆ, “ನೋಡಿದ್ವಿ ಬಿಡಪ್ಪ, ಮುಂದಕ್ಕೆ ಹೋಗು” ಎಂದು ಟಿವಿಗೇ ಹೇಳುತ್ತಾರೆ.

ದುರ್ಗದವರ ಬಾಕಿ ಒಂದಿದೆ, ಮದಕರಿನಾಯಕನ ಮೇಲೊಂದು ಭರ್ಜರಿ ಸಿನಿಮಾ. 2009ರಲ್ಲಿ ‘ವೀರ ಮದಕರಿ’ ಎಂಬ ಹೆಸರು ಕಂಡು ಹುಬ್ಬೇರಿಸಿದವರಿಗೆ ಒಳಗೆ ಸಿಕ್ಕದ್ದು ತೆಲುಗಿನಿಂದ ಬಂದ ಪೊಲೀಸಪ್ಪ. ‘ಗಂಡುಗಲಿ ಮದಕರಿನಾಯಕ’ ಶುರುವಾಗಿ ನಿಂತಿತು. ಅದಕ್ಕೇನಂತೆ, ಮಂಡಕ್ಕಿ ಮೆಣಸಿನಕಾಯಿಯ ಮುಂದೆ ಪಾತ್ರ ಹಂಚಿಕೆ ಯಾವತ್ತೋ ಮುಗಿದಿದೆ. ಸದ್ಯಕ್ಕೆ ಜಗಳ ಹೈದರನ ದಂಡು ಯಾವ ದಿಕ್ಕಿನಿಂದ ಬರುವಂತೆ ತೋರಿಸಬೇಕು ಎಂಬುದರ ಮೇಲೆ. ಎತ್ತ ಕ್ಯಾಮೆರಾ ಇಟ್ಟರೂ ಗುಡ್ಡದ ಮೇಲಿನ ಗಾಳಿಯಂತ್ರಗಳು ಅಡ್ಡ ಬರುತ್ತವೆ.