ನಮ್ಮ ಮನೆಯ ಚಾಕೊಲೇಟು

ಚಾಕೊಲೇಟು ಮರದಲ್ಲಿ ಬಿಡುತ್ತದೆಂದರೆ ನನ್ನ ಸಹಪಾಠಿಗಳು ನಗುತ್ತಾರೆ. ಬೆಳ್ತಂಗಡಿ ತಾಲೂಕಿನ ನಮ್ಮ ಅಡಕೆ ತೋಟಕ್ಕೆ ಬಂದರೆ ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡ ಕೊಕ್ಕೊ ಕಾಯಿಗಳನ್ನು ತೋರಿಸಿಯೇನು.

ಅಜ್ಜ ಗಿಡ ನೆಟ್ಟದ್ದು ೧೯೭೦ರ ದಶಕದಲ್ಲಿ. ಊರವರು ನೆಟ್ಟರು, ಇವರೂ ನೆಟ್ಟರು. ದಶಕ ಮುಗಿಯುವಷ್ಟರಲ್ಲಿ ಬೆಲೆ ಕುಸಿದು ಹಸಿ ಬೀಜವನ್ನು ಕೇಳುವವರಿಲ್ಲದಾಯಿತು. ಅಜ್ಜ ಕತ್ತಿ ಹಿಡಿದು ಅರ್ಧ ಗಿಡಗಳನ್ನು ಕಡಿದುಹಾಕಿದರು. ಉಳಿದರ್ಧ ಉಳಿದುದು ಅಜ್ಜಿ ಅಡ್ಡ ಬಂದುದರಿಂದ. ಅಳಿಲಿಗಾದರೂ ಇರಲಿ ಎಂದರಂತೆ! ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರಲ್ಲಿ ಅಡಕೆ ಬೆಳೆಗಾರರಿಗಾಗಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯು ಕೊಕ್ಕೊವನ್ನೂ ಕೊಳ್ಳತೊಡಗಿತು. ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಅಜ್ಜಿಯ ಪಾಲಿನ ಗಿಡಗಳು ಹೀಗೆ ಬದುಕಿದವು. ಆದರೂ ಇಷ್ಟು ವರ್ಷ ಬೀಜ ಮಾರಿದ ಅಜ್ಜ ಚಾಕೊಲೇಟನ್ನು ಬಾಯಿಗಿಟ್ಟವರಲ್ಲ.

೨೦೨೦ರಲ್ಲಿ ಶಾಲೆ ಕಾಲೇಜು ಮುಚ್ಚಿ ನಾವೆಲ್ಲ ಮನೆಯಲ್ಲಿದ್ದಾಗ ತಾಯಿಯವರು ಈ ಉದ್ಯೋಗಕ್ಕೆ ಕೈಹಚ್ಚಿದರು. ಬಾಳೆಲೆ ಹಾಸಿದ ಮರದ ಪೆಟ್ಟಿಗೆಯಲ್ಲಿ ಬೀಜವನ್ನು ಆರು ದಿನ ಹುಳಿಬರಿಸಬೇಕು, ನಡುನಡುವೆ ಮಗುಚಬೇಕು. ಆಗಿನ ಬಿಸಿಗೆ ಕೈಯಿಡಲಾಗದು. ವಾಸನೆಗೆ ನೆರೆಮನೆಯವರು ಕಾರಣ ವಿಚಾರಿಸುತ್ತಾರೆ. ಅಂಗಳದಲ್ಲಿ ಒಣಗಿದರೆ ಮೂರು ಕಿಲೋ ಹಸಿ ಬೀಜ ಒಂದು ಕಿಲೋ ಆಗುತ್ತದೆ. ಬಾಣಲೆಯಲ್ಲಿ ಹುರಿದು, ಗೆರಸೆಯಲ್ಲಿ ಸಿಪ್ಪೆ ಕೇರಿ, ಸಕ್ಕರೆ ಬೆರೆಸಿ, ಇಡ್ಲಿ ಹಿಟ್ಟು ರುಬ್ಬುವ ಕಲ್ಲಿಗೆ ಹಾಕಿದರು. ಎರಡು ಹಗಲು ಎರಡು ರಾತ್ರಿ ತಿರುಗಿದ ಆ ಯಂತ್ರಕ್ಕೆ ಹುಚ್ಚು ಹಿಡಿದಿದೆಯೆಂದು ಅಜ್ಜ ನಿದ್ರೆಗೆಟ್ಟು ಗೊಣಗಿದರು.

೨೦೨೨ರ ಎಪ್ರಿಲಿನಲ್ಲಿ, ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಬಳಿಯ ಅಂಗಡಿಗೆ ಒಯ್ಯಲು ಐವತ್ತು ಕಟ್ಟುಗಳನ್ನು ನನ್ನ ಕೈಗೆ ಕೊಟ್ಟರು. ವೇಣೂರು ದಾಟುವಾಗ ಚೀಲ ಮೆತ್ತಗಾಯಿತು. ಕೊಕ್ಕೊ ಬೆಣ್ಣೆ ೩೪ ಡಿಗ್ರಿಯ ಸುಮಾರಿಗೆ ಕರಗುವುದೆಂಬ ವಿಜ್ಞಾನವನ್ನು, ಕಲಾ ವಿಭಾಗದ ನಾನು, ಮಧ್ಯಾಹ್ನದ ಬಸ್ಸಿನಲ್ಲಿ ಕಲಿತೆ. ಸಂಜೆ ತಾಯಿಯವರು ಏನೂ ಅನ್ನಲಿಲ್ಲ. ಕರಗಿದ್ದನ್ನು ಬಿಡಿಸಿ ಮತ್ತೆ ಕಲ್ಲಿಗೆ ಹಾಕಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಈಗ ಮೂಡಬಿದಿರೆಗೂ ಬಂಟ್ವಾಳಕ್ಕೂ ಬೆಳಗಿನ ಮೊದಲ ಬಸ್ಸಿನಲ್ಲೇ ಹೋಗುತ್ತೇನೆ.

೨೦೨೪ರಲ್ಲಿ ಲೋಕದ ಪೇಟೆಯಲ್ಲಿ ಕೊಕ್ಕೊ ಟನ್ನಿಗೆ ಹತ್ತು ಸಾವಿರ ಡಾಲರು ದಾಟಿತು. ಬೀಜವನ್ನು ಹಾಗೆಯೇ ಮಾರಿದರೆ ಲಾಭ, ಕಲ್ಲು ತಿರುಗಿಸುವುದು ಮೂರ್ಖತನವೆಂದರು ತಂದೆ. ಲೆಕ್ಕ ಅವರದೇ ಸರಿ. ಒಂದು ವಾರ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಕೊನೆಗೆ ಅಜ್ಜಿ ಉಳಿಸಿದ ಗಿಡಗಳ ಕಾಲುಪಾಲು ಬೀಜ ತಾಯಿಯವರಿಗೆಂದು ಅಜ್ಜನೇ ತೀರ್ಮಾನಿಸಿದರು.

ಅವರಿಗೆ ನಮ್ಮ ಚಾಕೊಲೇಟು ಕಹಿ. ಊಟವಾದ ಮೇಲೆ ಒಂದು ಚೂರು ಬೆಲ್ಲದೊಡನೆ ತಿನ್ನುತ್ತಾರೆ.